ಪೆಪ್ಪರಮಿಂಟಿನ ಡಬ್ಬಿ: ಮತ್ತೆ ನೋಡಲಾಗದ ಸಿನಿಮಾಗಳ ಬಗ್ಗೆ

“ತುಂಬಾ ಒಳ್ಳೆಯ ಸಿನಿಮಾ, ಎಲ್ಲರೂ ನೋಡಬೇಕು. ಆದರೆ ನನ್ನ ಕೈಲಿ ಇನ್ನೊಂದು ಸಲ ಆಗೋದಿಲ್ಲಪ್ಪ.” ಈ ಮಾತನ್ನು ನೀವೆಲ್ಲ ಕೇಳಿರುತ್ತೀರಿ, ಆಡಿಯೂ ಇರುತ್ತೀರಿ. ಒಂದು ಕೀರ್ತನೆ ಬಹಳ ಹಿಡಿಸಿತು, ಹಾಗಾಗಿ ಇನ್ನು ಜನ್ಮದಲ್ಲಿ ಕೇಳುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಸಿನಿಮಾದ ಬಗ್ಗೆ ಮಾತ್ರ ಹೇಳುತ್ತೇವೆ, ಅದೂ ಕೆಲವೇ ಸಿನಿಮಾಗಳ ಬಗ್ಗೆ. ಇವತ್ತು ಆ ಮಾತನ್ನು ಬಿಡಿಸಿ ನೋಡುವುದು ನನ್ನ ಉದ್ದೇಶ. ಹಾಗೆ ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಯಾವ ದೃಶ್ಯ? ಇಡೀ ಸಿನಿಮಾ ನೋಡಲಾಗುವುದಿಲ್ಲವೋ, ಅದರಲ್ಲಿನ ಯಾವುದೋ ಎರಡು ನಿಮಿಷ ನೋಡಲಾಗುವುದಿಲ್ಲವೋ?

ದುಃಖ ಜಾಸ್ತಿಯಾಗಿದ್ದರಿಂದ ನೋಡಲಾಗುವುದಿಲ್ಲ ಎನ್ನುವುದು ಸುಲಭದ ಉತ್ತರ. ಆದರೆ ಲೆಕ್ಕ ಹೊಂದುವುದಿಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆಗೆದುಕೊಳ್ಳಿ. 1972ರ ಸಿನಿಮಾ. ಕೊನೆಗೆ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ, ರಾಮಾಚಾರಿ ಮತ್ತು ಮಾರ್ಗರೆಟ್ ಇಬ್ಬರೂ ಅದೇ ಬೆಟ್ಟದಿಂದ ಹಾರುತ್ತಾರೆ. ಕಥೆಯ ಮುಖ್ಯ ಪಾತ್ರಗಳಲ್ಲಿ ಮೂರು ಒಂದೇ ಜಾಗದಲ್ಲಿ ಮುಗಿದುಹೋಗುತ್ತವೆ. ಆದರೂ ಅದನ್ನು ಹತ್ತು ಸಲ, ಇಪ್ಪತ್ತು ಸಲ ನೋಡಿದವರು ಊರೂರಲ್ಲಿ ಇದ್ದಾರೆ. ಯಾಕೆಂದರೆ ಅಲ್ಲಿ ಹಾಡಿದೆ, ಚಿತ್ರದುರ್ಗದ ಕೋಟೆಯಿದೆ, ಓಬವ್ವನ ಪ್ರಸಂಗವಿದೆ, ಸಿಟ್ಟು ಮಾಡಿಕೊಳ್ಳಲು ಒಂದು ಊರೇ ಇದೆ. ನಾವು ಅಳುತ್ತೇವೆ, ಆ ಅಳು ಹರಿದು ಹೋಗುತ್ತದೆ. ಎದ್ದು ಬರುವಾಗ ಎದೆ ಹಗುರಾಗಿರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ‘ಕೆರೆಗೆ ಹಾರ’ ಇದೆ. ಕೆರೆಗೆ ನೀರು ಬರಲೆಂದು ಕಿರಿ ಸೊಸೆ ಭಾಗೀರಥಿಯನ್ನು ಬಲಿ ಕೊಡುವ ಲಾವಣಿ. ಮರೆತ ಬಂಗಾರದ ಬಟ್ಟಲು ತರಲೆಂದು ಅವಳು ಒಬ್ಬಳೇ ಕೆರೆಯೊಳಕ್ಕೆ ಇಳಿಯುತ್ತಾಳೆ, ತಿರುಗಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ನೀರು ಒಂದಿಷ್ಟು ಮೇಲೆ ಬರುತ್ತದೆ. ಪಾದ, ಮೊಣಕಾಲು, ನಡು, ಹೀಗೆ. ಇದಕ್ಕಿಂತ ಕಟುವಾದ ದೃಶ್ಯ ಯಾವ ಸಿನಿಮಾದಲ್ಲಿದೆ ಹೇಳಿ. ಆದರೆ ಹೆಂಗಸರು ಅದನ್ನು ಬೀಸುತ್ತ, ಕುಟ್ಟುತ್ತ ತಲೆಮಾರುಗಟ್ಟಲೆ ಹಾಡಿಕೊಂಡು ಬಂದಿದ್ದಾರೆ. ಧಾಟಿ ಅವರನ್ನು ಎತ್ತಿ ಹಿಡಿಯುತ್ತದೆ. ಒಂದೇ ಮಟ್ಟಿನ ಸಾಲು ಮತ್ತೆ ಮತ್ತೆ ಬರುವಾಗ ದುಃಖ ಒಬ್ಬರ ಎದೆಯಲ್ಲಿ ಕೂರುವುದಿಲ್ಲ, ಹಾಡುವ ಎಲ್ಲರಿಗೂ ಹಂಚಿಹೋಗುತ್ತದೆ.

ಹಾಗಾದರೆ ಮತ್ತೆ ನೋಡಲಾಗದ ಸಿನಿಮಾಗಳಲ್ಲಿ ಇರುವುದೇನು? ನಾನು ಹೇಳಬೇಕೆಂದಿರುವುದು ಇಷ್ಟು. ಮೊದಲ ಸಲ ನಮ್ಮನ್ನು ಅಳಿಸುವುದು ಸಾವಿನ ದೃಶ್ಯ. ಎರಡನೆಯ ಸಲ ನೋಡಲಾಗದಂತೆ ಮಾಡುವುದು ನಗುವಿನ ದೃಶ್ಯ. ಸಾವು ಹೇಗೆ ಬರುತ್ತದೆಂದು ಗೊತ್ತಾದ ಮೇಲೆ ಆ ಮಗು ನಕ್ಕಾಗ ಏನು ಮಾಡುತ್ತೀರಿ? ಈ ಸಿನಿಮಾಗಳನ್ನು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಸುಖದ ದೃಶ್ಯಗಳಿಗೆ ಪಟ್ಟ ಶ್ರಮವನ್ನು ನೋಡಿದರೆ ಅದು ತಿಳಿಯುತ್ತದೆ.

ಮುಖ್ಯ ಉದಾಹರಣೆಯಾಗಿ ಜಪಾನಿನ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ತೆಗೆದುಕೊಂಡಿದ್ದೇನೆ. ಮಿಣುಕುಹುಳುಗಳ ಸಮಾಧಿ ಎಂದರ್ಥ. ಸ್ಟುಡಿಯೊ ಘಿಬ್ಲಿ 1988ರಲ್ಲಿ ತೆಗೆದ ಅನಿಮೇಷನ್, ಉದ್ದ 89 ನಿಮಿಷ, ನಿರ್ದೇಶಕ ಇಸಾವೊ ತಕಹಾತಾ. ಮೂಲ ಅಕಿಯುಕಿ ನೊಸಾಕಾ 1967ರಲ್ಲಿ ಬರೆದ ಕಥೆ. 1945ರ ಜೂನ್ 5ರಂದು ಕೋಬೆ ನಗರದ ಮೇಲೆ ಅಮೆರಿಕದ ವಿಮಾನಗಳು ಬೆಂಕಿ ಬಾಂಬು ಸುರಿದಾಗ ನೊಸಾಕಾ ಹದಿಹರೆಯದ ಹುಡುಗ. ಆ ದಾಳಿಯಲ್ಲಿ ಮನೆ ಹೋಯಿತು. ಕೆಲವೇ ವಾರಗಳಲ್ಲಿ, ಇನ್ನೂ ಒಂದೂವರೆ ವರ್ಷ ತುಂಬದ ತಂಗಿ ಹಸಿವಿನಿಂದ ತೀರಿಕೊಂಡಳು. ಕಥೆಯಲ್ಲಿನ ಅಣ್ಣ ತಂಗಿಯನ್ನು ನೋಡಿಕೊಂಡಷ್ಟು ಚೆನ್ನಾಗಿ ತಾನು ನೋಡಿಕೊಳ್ಳಲಿಲ್ಲ ಎಂಬ ಕೊರಗನ್ನು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ತಕಹಾತಾ ಕೂಡ ಒಂಬತ್ತು ವರ್ಷದವರಿದ್ದಾಗ, ಅದೇ ಜೂನ್ ಕೊನೆಯಲ್ಲಿ, ಒಕಾಯಾಮಾ ಊರಿನ ಮೇಲಾದ ದಾಳಿಯಲ್ಲಿ ಬೆಂಕಿಯ ನಡುವೆ ಓಡಿ ಬದುಕಿದವರು. ಅಂದರೆ ಬರೆದವರಿಗೂ ತೆಗೆದವರಿಗೂ ಆ ಬೆಂಕಿಯ ಬಣ್ಣ ಗೊತ್ತಿತ್ತು.

ಕಥೆ ಎರಡು ಮಾತಿನಲ್ಲಿ: ಹದಿನಾಲ್ಕರ ಅಣ್ಣ ಸೇತಾ, ನಾಲ್ಕರ ತಂಗಿ ಸೆತ್ಸುಕೊ. ಅಪ್ಪ ನೌಕಾಪಡೆಯಲ್ಲಿ. ಅಮ್ಮ ಬಾಂಬಿನ ಬೆಂಕಿಯಲ್ಲಿ ಸುಟ್ಟು ಸಾಯುತ್ತಾಳೆ. ದೂರದ ಸಂಬಂಧಿ ಹೆಂಗಸಿನ ಮನೆಯಲ್ಲಿ ಕೆಲವು ದಿನ ಇದ್ದು, ಅಲ್ಲಿ ಹೊಂದದೆ, ಕೊಳದ ಪಕ್ಕದ ಒಂದು ಅಡಗುಗುಹೆಗೆ ಹೋಗುತ್ತಾರೆ. ತಂಗಿ ಸಾಯುತ್ತಾಳೆ, ಆಮೇಲೆ ಅಣ್ಣ.

ಇದನ್ನು ಹೇಳಿ ನಾನು ಕಥೆ ಕೆಡಿಸಿದೆನೆಂದು ಅಂದುಕೊಳ್ಳಬೇಡಿ. ಸಿನಿಮಾ ತಾನೇ ಮೊದಲ ಸಾಲಿನಲ್ಲಿ ಇದನ್ನು ಹೇಳಿಬಿಡುತ್ತದೆ. 1945ರ ಸೆಪ್ಟೆಂಬರ್ 21ರ ರಾತ್ರಿ ತಾನು ಸತ್ತೆ ಎಂದು ಸೇತಾನ ದನಿ. ಸನ್ನೊಮಿಯಾ ರೈಲು ನಿಲ್ದಾಣದ ಕಂಬಕ್ಕೆ ಒರಗಿ ಕೂತ, ಮೂಳೆ ಚಕ್ಕಳವಾದ ಹುಡುಗ. ಅವನ ಮೈ ತಡಕಿದ ಕೆಲಸಗಾರನಿಗೆ ತುಕ್ಕು ಹಿಡಿದ ಒಂದು ತಗಡಿನ ಡಬ್ಬಿ ಸಿಗುತ್ತದೆ. ಅಲ್ಲಾಡಿಸಿ ನೋಡುತ್ತಾರೆ, ಗಲಗಲ ಸದ್ದು. ಕತ್ತಲಲ್ಲಿ ಹುಲ್ಲಿಗೆ ಎಸೆಯುತ್ತಾರೆ. ಮುಚ್ಚಳ ಹಾರಿ ಒಳಗಿಂದ ಸಣ್ಣ ಮೂಳೆ ಚೂರುಗಳು ಬೀಳುತ್ತವೆ, ಸುತ್ತ ಮಿಣುಕುಹುಳು ಏಳುತ್ತವೆ.

ಆ ಡಬ್ಬಿಯನ್ನು ನೀವು ಗಮನವಿಟ್ಟು ನೋಡಬೇಕು. ಅದು ಸಕುಮಾ ಕಂಪನಿಯ ಪೆಪ್ಪರಮಿಂಟಿನ ಡಬ್ಬಿ. ಜಪಾನಿನ ಮಕ್ಕಳಿಗೆಲ್ಲ ಗೊತ್ತಿದ್ದ ಮಿಠಾಯಿ. ಮನೆ ಬೆಂಕಿಗೆ ಹೋಗುವ ಮುಂಚೆ ಮಣ್ಣಲ್ಲಿ ಹೂತಿಟ್ಟಿದ್ದ ದಿನಸಿಯ ಜೊತೆ ಇದೂ ಸಿಗುತ್ತದೆ. ಸೇತಾ ಅದನ್ನು ತಂಗಿಗೆ ಕೊಟ್ಟಾಗ ಅವಳು ಕುಣಿದಾಡುತ್ತಾಳೆ. ಅತ್ತಾಗ ಒಂದು, ಮುನಿದಾಗ ಒಂದು, ಹೀಗೆ ಎಣಿಸಿ ಎಣಿಸಿ ಕೊಡುತ್ತಾನೆ. ಕೊನೆಗೆ ಡಬ್ಬಿಗೆ ಅಂಟಿದ ಚೂರೂ ಉದುರದಾದಾಗ ನೀರು ಹಾಕಿ ಕಲಕಿ ಕುಡಿಸುತ್ತಾನೆ. ಅವಳು ಬಾಯಿ ಚಪ್ಪರಿಸಿ ಎಲ್ಲ ಹಣ್ಣಿನ ರುಚಿಯೂ ಇದೆ ಎನ್ನುತ್ತಾಳೆ. ಮುಂದೆ ಅದೇ ಡಬ್ಬಿಯೊಳಗೆ ಆಟದ ಗೋಲಿಗಳು ಬರುತ್ತವೆ. ಆಮೇಲೆ ಅವಳ ಮೂಳೆ. ಒಂದೇ ಡಬ್ಬಿ, ಒಳಗಿರುವ ವಸ್ತು ಬದಲಾಗುತ್ತದೆ, ಅಲ್ಲಾಡಿಸಿದಾಗ ಬರುವ ಸದ್ದು ಮಾತ್ರ ಹೆಚ್ಚುಕಡಿಮೆ ಅದೇ. ಮೊದಲ ಸಲ ನೋಡುವಾಗ ಅವಳು ಡಬ್ಬಿ ಅಲ್ಲಾಡಿಸಿ ನಕ್ಕರೆ ನಾವೂ ನಗುತ್ತೇವೆ. ಎರಡನೆಯ ಸಲ ಅದು ಸಾಧ್ಯವಿಲ್ಲ, ಯಾಕೆಂದರೆ ಆ ಗಲಗಲ ಯಾವುದೆಂದು ಕಿವಿಗೆ ಗೊತ್ತಾಗಿಬಿಟ್ಟಿದೆ.

ಇಂಥ ಪರಿಣಾಮ ತಾನಾಗಿ ಬರುವುದಿಲ್ಲ. ಸೆತ್ಸುಕೊಳಿಗೆ ದನಿ ಕೊಟ್ಟದ್ದು ನಿಜವಾಗಿಯೂ ಐದು ವರ್ಷದ ಮಗು. ಅನಿಮೇಷನ್ನಿನಲ್ಲಿ ಇಷ್ಟು ಚಿಕ್ಕ ಮಗುವಿಗೆ ದೊಡ್ಡವರು ದನಿ ಸಣ್ಣ ಮಾಡಿ ಮಾತಾಡುವುದು ರೂಢಿ. ಜಪಾನಿನಲ್ಲಿ ಚಿತ್ರ ಬರೆದು ಮುಗಿಸಿ, ಪರದೆ ನೋಡುತ್ತ ಮಾತು ಹೊಂದಿಸುವುದೂ ರೂಢಿ. ಆದರೆ ಐದರ ಮಗುವಿನಿಂದ ತುಟಿಗೆ ತಕ್ಕ ಹಾಗೆ ಮಾತಾಡಿಸುವುದು ಆಗದ ಕೆಲಸ. ಹಾಗಾಗಿ ಅವಳ ಮಾತನ್ನು ಮೊದಲು ರೆಕಾರ್ಡ್ ಮಾಡಿಕೊಂಡು, ಆ ಉಸಿರು, ಆ ತಡವರಿಕೆಗೆ ಸರಿಯಾಗಿ ಚಿತ್ರ ಬರೆದರು. ಅವಳು ಮಾತಿನ ನಡುವೆ ನಿಲ್ಲುವ ಕಡೆ ಕೈ ನಿಲ್ಲುತ್ತದೆ. ಇನ್ನೊಂದು, ಅನಿಮೇಷನ್ ಆಕೃತಿಗಳಿಗೆ ಸಾಮಾನ್ಯವಾಗಿ ಕಪ್ಪು ಹೊರಗೆರೆ ಹಾಕುತ್ತಾರೆ. ಇಲ್ಲಿ ಹೆಚ್ಚಿನ ಕಡೆ ಕಂದು ಗೆರೆ. ಕಪ್ಪು ಗೆರೆ ಆಕೃತಿಯನ್ನು ಹಿನ್ನೆಲೆಯಿಂದ ಕತ್ತರಿಸಿ ನಿಲ್ಲಿಸುತ್ತದೆ, ಬೊಂಬೆ ಎಂದು ನೆನಪಿಸುತ್ತದೆ. ಕಂದು ಗೆರೆ ಮೈಬಣ್ಣದೊಳಗೆ ಕರಗುತ್ತದೆ. ಮುಖ ಮೆತ್ತಗಾಗುತ್ತದೆ, ಮುಟ್ಟಬಹುದು ಅನ್ನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿನಿಮಾದ ನಡುನಡುವೆ ಕೆಂಪು ಬೆಳಕಿನಲ್ಲಿ ಅಣ್ಣತಂಗಿಯ ಆತ್ಮಗಳು ಕಾಣಿಸುತ್ತವೆ. ಸತ್ತ ಮೇಲೆ ಸೇತಾ ತನ್ನ ಬದುಕಿನ ಆ ಮೂರು ತಿಂಗಳನ್ನು ಮತ್ತೆ ನೋಡುತ್ತಿದ್ದಾನೆ. ಅಮ್ಮನ ಕಿಮೋನೊಗಳನ್ನು ಮಾರಿ ಅಕ್ಕಿ ತರಲು ಆ ಸಂಬಂಧಿ ಹೆಂಗಸು ಹೊರಟಾಗ ಸೆತ್ಸುಕೊ ಎದ್ದು, ಬೇಡ ಬೇಡ ಎಂದು ಚೀರುತ್ತಾಳೆ. ಪಕ್ಕದಲ್ಲಿ ಕೆಂಪು ಸೇತಾ ನಿಂತಿದ್ದಾನೆ. ಅವನು ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ.

ಆ ಒಂದು ಚಿತ್ರದಲ್ಲಿ ಇವತ್ತಿನ ಇಡೀ ಉಪನ್ಯಾಸವಿದೆ ಎಂದು ನನಗೆ ಅನಿಸುತ್ತದೆ. ಎರಡನೆಯ ಸಲ ನೋಡುತ್ತಿರುವವನು ಅವನು. ಏನಾಗುತ್ತದೆಂದು ಅವನಿಗೆ ಗೊತ್ತು, ತಡೆಯಲಾಗುವುದಿಲ್ಲ. ನಾವು ‘ಮತ್ತೆ ಆಗುವುದಿಲ್ಲ’ ಅನ್ನುವಾಗ ಮಾಡುವುದು ಅದನ್ನೇ, ಕಿವಿ ಮುಚ್ಚಿಕೊಳ್ಳುವುದು. ಅವನಿಗೆ ಎದ್ದು ಹೋಗುವ ಅವಕಾಶವಿಲ್ಲ. ಸಿನಿಮಾದ ಕೊನೆಯ ಚಿತ್ರದಲ್ಲೂ ಇಬ್ಬರೂ ಗುಡ್ಡದ ಬೆಂಚಿನ ಮೇಲೆ ಕೂತಿದ್ದಾರೆ, ಕೆಳಗೆ ಇಂದಿನ ಕೋಬೆ ನಗರದ ದೀಪಗಳು.

ನಮ್ಮನ್ನು ಹಿಡಿದು ಹಾಕುವ ಇನ್ನೊಂದು ಸಂಗತಿ, ಇಲ್ಲಿ ಬೈಯಲು ಸರಿಯಾದ ಆಳು ಸಿಗುವುದಿಲ್ಲ. ಮೊದಲ ಸಲ ಆ ಸಂಬಂಧಿ ಹೆಂಗಸನ್ನು ಎಲ್ಲರೂ ಬೈಯುತ್ತಾರೆ. ದುಡಿಯಲು ಹೋಗುವವರಿಗೆ ಅನ್ನ, ಇವರಿಬ್ಬರಿಗೆ ತಿಳಿ ಗಂಜಿ. ಆದರೆ ಇನ್ನೊಮ್ಮೆ ನೋಡಿದವರಿಗೆ ಬೇರೆ ಸಂಗತಿಗಳು ಕಾಣತೊಡಗುತ್ತವೆ. ಪಡಿತರದ ಕಾಲ, ಅವಳ ಮನೆಯಲ್ಲೂ ಉಣ್ಣುವ ಬಾಯಿಗಳಿವೆ. ಸೇತಾ ಕೆಲಸಕ್ಕೂ ಹೋಗುವುದಿಲ್ಲ, ಶಾಲೆಗೂ ಹೋಗುವುದಿಲ್ಲ. ಒಬ್ಬ ರೈತ ಅವನಿಗೆ ಹೇಳುತ್ತಾನೆ, ಹೋಗಿ ಕ್ಷಮೆ ಕೇಳಿ ಆ ಮನೆಯಲ್ಲೇ ಇರು ಅಂತ. ಹುಡುಗ ಕೇಳುವುದಿಲ್ಲ. ಅಮ್ಮ ಬ್ಯಾಂಕಿನಲ್ಲಿಟ್ಟ ಏಳು ಸಾವಿರ ಯೆನ್ ಇದೆ. ಅದರಲ್ಲಿ ಉಳಿದ ಮೂರು ಸಾವಿರ ತೆಗೆದುಕೊಂಡು ಅಕ್ಕಿ, ಕಲ್ಲಂಗಡಿ ತರುವ ಹೊತ್ತಿಗೆ ಹೊತ್ತು ಮೀರಿದೆ. ಇದು ಯುದ್ಧವಿರೋಧಿ ಸಿನಿಮಾ ಎಂದು ಕರೆದಾಗೆಲ್ಲ ತಕಹಾತಾ ಒಪ್ಪುತ್ತಿರಲಿಲ್ಲ. ಸಮಾಜದಿಂದ ಬೇರೆಯಾಗಿ ಇಬ್ಬರೇ ಬದುಕುತ್ತೇವೆಂದು ಹೊರಟ ಮಕ್ಕಳ ಸೋಲು ಅವರಿಗೆ ಮುಖ್ಯವಾಗಿತ್ತು. ಯುದ್ಧ ಕಾರಣವಲ್ಲವೆಂದು ನಾನು ಹೇಳುತ್ತಿಲ್ಲ. ಅಕ್ಕಿ ಇಲ್ಲದ್ದಕ್ಕೆ ಯುದ್ಧವೇ ಕಾರಣ. ಆದರೆ ಹುಡುಗನ ಹಟ ಎರಡನೆಯ ನೋಟದಲ್ಲಿ ಕಣ್ಣಿಗೆ ಬಿದ್ದಾಗ, ಮೊದಲ ಸಲ ಬೈದು ಹಗುರಾಗಿದ್ದ ನಮಗೆ ಆ ದಾರಿಯೂ ಮುಚ್ಚುತ್ತದೆ.

ತಂಗಿಯ ಸಾವನ್ನು ತಕಹಾತಾ ಹೇಗೆ ತೋರಿಸಿದ್ದಾರೆ ನೋಡಿ. ಅಣ್ಣ ಬಂದಾಗ ಅವಳ ಬಾಯಲ್ಲಿ ಗೋಲಿಯಿದೆ, ಪೆಪ್ಪರಮಿಂಟು ಎಂದುಕೊಂಡು ಚೀಪುತ್ತಿದ್ದಾಳೆ. ಮಣ್ಣಿನ ಉಂಡೆ ಮಾಡಿಟ್ಟು, ಊಟ ಮಾಡು ಎಂದು ಅಣ್ಣನಿಗೇ ಕೊಡುತ್ತಾಳೆ. ಅವನು ಕಲ್ಲಂಗಡಿಯ ಒಂದು ಹೋಳು ಕೊಟ್ಟು ಗಂಜಿ ಮಾಡಲು ಎದ್ದು ಹೋಗುತ್ತಾನೆ. ಅವಳು ಮತ್ತೆ ಏಳಲಿಲ್ಲ ಎಂದು ಒಂದೇ ವಾಕ್ಯ. ಬಿಕ್ಕಳಿಕೆ ಇಲ್ಲ, ಅಣ್ಣನ ಆಕ್ರಂದನ ಇಲ್ಲ. ಇದಾದ ಮೇಲೆ ಕೊಳದ ಆಚೆ ದಡದ ಮನೆಗೆ ಯುದ್ಧ ಮುಗಿಯಿತೆಂದು ವಾಪಸ್ ಬಂದ ಅನುಕೂಲಸ್ಥರ ಹುಡುಗಿಯರು ಗ್ರಾಮಫೋನ್ ಹಾಕುತ್ತಾರೆ. ಮನೆಯ ಬಗ್ಗೆ ಹಳೆಯ ಒಂದು ಇಂಗ್ಲಿಷ್ ಹಾಡು, ಅಮೆಲಿಟಾ ಗಲ್ಲಿ-ಕುರ್ಚಿ ಎಂಬ ಇಟಲಿಯ ಗಾಯಕಿಯ ದನಿ. ಆ ಹಾಡಿನ ಮೇಲೆ, ಅಣ್ಣ ಇಲ್ಲದ ಹೊತ್ತಲ್ಲಿ ಸೆತ್ಸುಕೊ ಏನೇನು ಮಾಡುತ್ತಿದ್ದಳು ಎಂಬುದನ್ನು ತೋರಿಸುತ್ತಾರೆ. ನೀರಲ್ಲಿ ಕಾಣುವ ತನ್ನ ನೆರಳಿನ ಜೊತೆ ಆಡುತ್ತಾಳೆ, ಓಡುತ್ತಾಳೆ, ಸೆಲ್ಯೂಟ್ ಹೊಡೆಯುತ್ತಾಳೆ. ಅಂದರೆ ಸಾವನ್ನು ಒಂದು ವಾಕ್ಯದಲ್ಲಿ ಮುಗಿಸಿ, ಆಟವನ್ನು ಬಿಡಿಸಿ ಬಿಡಿಸಿ ತೋರಿಸಿದರು. ಈ ಸಿನಿಮಾದಲ್ಲಿ ಜನ ಎದ್ದು ಹೋಗುವ ಕ್ಷಣ ಯಾವುದಾದರೂ ಇದ್ದರೆ ಅದು ಇದು.

ಈಗ ನಮಗೆ ಹತ್ತಿರದ ಬಂಗಾಳಕ್ಕೆ ಬನ್ನಿ. ಋತ್ವಿಕ್ ಘಟಕರ ‘ಮೇಘೇ ಢಾಕಾ ತಾರಾ’, 1960. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬಂದು ಕೋಲ್ಕತ್ತದ ಹೊರವಲಯದಲ್ಲಿ ನೆಲೆಸಿದ ಒಂದು ಮೇಷ್ಟ್ರ ಕುಟುಂಬ. ದುಡಿಯುವವಳು ಹಿರಿ ಮಗಳು ನೀತಾ. ಸುಪ್ರಿಯಾ ಚೌಧುರಿ ಮಾಡಿದ್ದಾರೆ. ಸಂಬಳದ ದಿನ ತಂಗಿಗೆ ಸೀರೆ ಬೇಕು, ತಮ್ಮನಿಗೆ ಬೂಟು ಬೇಕು, ಅಣ್ಣ ಶಂಕರ ಸಂಗೀತ ಬಿಟ್ಟು ಬೇರೆ ಕೆಲಸ ಮಾಡುವವನಲ್ಲ. ಅವಳ ಚಪ್ಪಲಿಯ ಉಂಗುಷ್ಟ ಮಾತ್ರ ಕಿತ್ತುಹೋಗಿದೆ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ದಾರಿಯಲ್ಲಿ ಅದು ಕಿತ್ತುಬರುತ್ತದೆ. ಅವಳು ಬಗ್ಗಿ ನೋಡುತ್ತಾಳೆ, ಬಿಟ್ಟು ನಡೆಯುತ್ತಾಳೆ. ಮೊದಲ ಸಲ ನೋಡುವವರು ಇದನ್ನು ಗಮನಿಸುವುದೂ ಇಲ್ಲ.

ಘಟಕರ ಶಕ್ತಿ ಸದ್ದಿನಲ್ಲಿದೆ. ನೀತಾ ಮತ್ತು ಅವಳು ಮೆಚ್ಚಿದ ಸನತ್ ಮಾತಾಡುವುದನ್ನು ತಾಯಿ ಕದ್ದು ಕೇಳುವಾಗ ಒಲೆಯ ಮೇಲೆ ಏನೋ ಚುರುಗುಟ್ಟುವ ಸದ್ದು ಏರುತ್ತದೆ. ಮಗಳು ಮದುವೆಯಾಗಿ ಹೋದರೆ ಮನೆ ನಡೆಯುವುದು ಹೇಗೆ ಎಂಬ ಭಯ ಅದು. ತಾಯಿಯ ಬಾಯಿಂದ ಆ ಮಾತು ಬರುವುದಿಲ್ಲ, ಒಲೆ ಹೇಳುತ್ತದೆ. ಸನತ್ ನೀತಾಳ ತಂಗಿ ಗೀತಾಳ ಕಡೆ ತಿರುಗಿದ್ದಾನೆಂದು ತಿಳಿದು ನೀತಾ ಅವನ ಮನೆಯ ಮೆಟ್ಟಿಲಿಳಿಯುವಾಗ ಚಾವಟಿಯ ಏಟಿನ ಸದ್ದು. ತಂಗಿಯ ಮದುವೆಗೆ ಮುಂಚೆ ಅಣ್ಣ ಶಂಕರ ನೀತಾಳಿಗೆ ರವೀಂದ್ರರ ಒಂದು ಹಾಡು ಹೇಳಿಕೊಡುತ್ತಾನೆ, ಇಬ್ಬರೂ ಸೇರಿ ಹಾಡುತ್ತಾರೆ, ಕೊನೆಯಲ್ಲಿ ಮತ್ತೆ ಚಾವಟಿ. ಪರದೆಯ ಮೇಲೆ ಯಾರೂ ಯಾರಿಗೂ ಹೊಡೆಯುತ್ತಿಲ್ಲ. ಆ ಸದ್ದನ್ನು ತೆಗೆದುಬಿಟ್ಟರೆ ಆ ದೃಶ್ಯ ಸೊಗಸಾದ ಹಾಡಿನ ದೃಶ್ಯವಾಗಿಯೇ ಉಳಿಯುತ್ತದೆ, ಹಾಡು ಮುಗಿಯುವ ಮೊದಲೇ ನಾವು ಅತ್ತು ಸಮಾಧಾನವಾಗಿರುತ್ತೇವೆ. ಘಟಕ್ ಆ ಸಮಾಧಾನ ಕೊಡುವುದಿಲ್ಲ.

ಕೊನೆಗೆ ನೀತಾಳಿಗೆ ಕ್ಷಯ. ಶಿಲ್ಲಾಂಗಿನ ಆಸ್ಪತ್ರೆಗೆ ಶಂಕರ ನೋಡಲು ಬರುತ್ತಾನೆ. ಈ ಹೊತ್ತಿಗೆ ಅವನು ಹೆಸರಾಂತ ಗಾಯಕ. ಮನೆಯ ಒಳ್ಳೆಯ ಸುದ್ದಿಯನ್ನೇ ಹೇಳುತ್ತಾನೆ. ತಂಗಿ ಗೀತಾಳ ಮಗು ಈಗ ಎಷ್ಟು ತುಂಟ, ಮೆಟ್ಟಿಲು ಹೇಗೆ ಹತ್ತುತ್ತಾನೆ. ಮಗುವಿನ ಈ ಮಾತು ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ಅಣ್ಣನನ್ನು ತಬ್ಬಿ, ಅಣ್ಣಾ, ನಾನು ಬದುಕಬೇಕು ಅಂದುಕೊಂಡಿದ್ದೆ ಎಂದು ಕೂಗುತ್ತಾಳೆ. ಕ್ಯಾಮೆರಾ ಬೆಟ್ಟಗಳ ಮೇಲೆ ತಿರುಗುತ್ತದೆ, ಅವಳ ದನಿ ಬೆಟ್ಟದಿಂದ ಬೆಟ್ಟಕ್ಕೆ ಹೋಗುತ್ತದೆ. ಗಮನಿಸಿ, ಕಟ್ಟೆ ಒಡೆದದ್ದು ಕೆಟ್ಟ ಸುದ್ದಿಗಲ್ಲ. ಒಂದು ಮಗು ಮೆಟ್ಟಿಲು ಹತ್ತುತ್ತದೆ ಎಂಬ ಸುದ್ದಿಗೆ.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಬಗ್ಗೆ ಒಂದೇ ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ, ಅದರ ಬಗ್ಗೆ ನಿಮಗೆ ಗೊತ್ತೇ ಇದೆ. ಮಗಳು ಸತ್ತದ್ದು ತಿಳಿಯದ ಅಪ್ಪ ಊರಿಂದ ಬಂದು ಅವಳಿಗೆ ತಂದ ಸೀರೆ ತೆಗೆದು ತೋರಿಸುತ್ತಾನೆ. ತಾಯಿ ಅಳುತ್ತಾಳೆ, ಆದರೆ ಅವಳ ದನಿ ನಮಗೆ ಕೇಳುವುದಿಲ್ಲ. ಆ ಜಾಗದಲ್ಲಿ ತಾರ್ ಶೆಹನಾಯ್ ಎಂಬ ವಾದ್ಯದ ಏರುಸ್ವರ. ಬಾಯಿ ತೆರೆದಿದೆ, ಅಳು ವಾದ್ಯದ್ದು. ಆದರೆ ಮತ್ತೆ ನೋಡುವಾಗ ನನ್ನ ಮಟ್ಟಿಗೆ ಅದಕ್ಕಿಂತ ಕಷ್ಟದ್ದು ದುರ್ಗಾ ಮೊದಲ ಮಳೆಗೆ ತಲೆಗೂದಲು ಬಿಚ್ಚಿ ಸುತ್ತುವ ದೃಶ್ಯ. ಅವಳನ್ನು ಕೊಲ್ಲುವ ಜ್ವರ ಆ ಮಳೆಯಲ್ಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ತೀರ ಬೇರೆ ದಾರಿಯ ಒಂದು ಸಿನಿಮಾ ನೋಡೋಣ. ಎಲೆಂ ಕ್ಲಿಮೋವ್ 1985ರಲ್ಲಿ ತೆಗೆದ ಸೋವಿಯತ್ ಚಿತ್ರ ‘ಕಮ್ ಅಂಡ್ ಸೀ’. ಬಂದು ನೋಡು ಎಂದರ್ಥ. ಎರಡನೇ ಮಹಾಯುದ್ಧದಲ್ಲಿ ಬೆಲಾರೂಸಿನ ಹಳ್ಳಿಗಳನ್ನು ಜರ್ಮನ್ ಪಡೆಗಳು ಜನರ ಸಮೇತ ಸುಟ್ಟವು. ಅಂಥ ಹಳ್ಳಿಗಳ ಸಂಖ್ಯೆ 628 ಎಂದು ಚಿತ್ರದ ಕೊನೆಯಲ್ಲಿ ಬರುತ್ತದೆ. ಸಹಲೇಖಕ ಅಲೆಸ್ ಆಡಮೋವಿಚ್ ಹುಡುಗನಾಗಿದ್ದಾಗ ಸ್ವತಃ ಅಲ್ಲಿನ ಗೆರಿಲ್ಲಾ ಪಡೆಯಲ್ಲಿದ್ದವರು, ಆಮೇಲೆ ಬದುಕುಳಿದವರ ಹೇಳಿಕೆಗಳನ್ನು ಸಂಗ್ರಹಿಸಿದವರು. ಚಿತ್ರಕಥೆಗೆ ಸರ್ಕಾರದ ಒಪ್ಪಿಗೆ ಸಿಗಲು ಹೆಚ್ಚುಕಡಿಮೆ ಎಂಟು ವರ್ಷ ಹಿಡಿಯಿತು. ಕ್ಲಿಮೋವ್ 2003ರವರೆಗೆ ಬದುಕಿದ್ದರೂ ಇದಾದ ಮೇಲೆ ಇನ್ನೊಂದು ಸಿನಿಮಾ ಮಾಡಲಿಲ್ಲ.

ಇಲ್ಲಿ ಹಳ್ಳಿ ಸುಡುವ ದೃಶ್ಯ ದೀರ್ಘವಾಗಿದೆ, ಭಯಂಕರವಾಗಿದೆ. ಆದರೆ ನಿಮ್ಮ ಗಮನ ಸೆಳೆಯಬೇಕೆಂದಿರುವುದು ಅದಕ್ಕಿಂತ ಮೊದಲಿನ ಒಂದು ಕ್ಷಣಕ್ಕೆ. ಹುಡುಗ ಫ್ಲೋರಾ, ಗ್ಲಾಶಾ ಎಂಬ ಹುಡುಗಿಯ ಜೊತೆ ತನ್ನ ಮನೆಗೆ ಬರುತ್ತಾನೆ. ಮನೆ ಖಾಲಿ. ಒಲೆಯೊಳಗೆ ಸಾರು ಇನ್ನೂ ಬೆಚ್ಚಗಿದೆ. ನೆಲದ ಮೇಲೆ ತಂಗಿಯರ ಬೊಂಬೆಗಳು. ನೊಣಗಳ ಗುಂಯ್ ಸದ್ದು ಜೋರಾಗುತ್ತ ಹೋಗುತ್ತದೆ. ಅವನು ಸಾರು ಕುಡಿಯುತ್ತಾನೆ. ಎಲ್ಲರೂ ಎಲ್ಲಿ ಅಡಗಿದ್ದಾರೆಂದು ನನಗೆ ಗೊತ್ತು ಎನ್ನುತ್ತ ಓಡುತ್ತಾನೆ, ಅವಳೂ ಓಡುತ್ತಾಳೆ. ಓಡುತ್ತ ಅವಳು ಒಮ್ಮೆ ಹಿಂತಿರುಗಿ ನೋಡುತ್ತಾಳೆ. ಮನೆಯ ಹಿಂಗೋಡೆಗೆ ಹೆಣಗಳ ರಾಶಿ. ಎಷ್ಟು ಹೊತ್ತು ಕಾಣುತ್ತದೆ? ಕಣ್ಣು ಮಿಟುಕಿಸಿ ತೆರೆಯುವಷ್ಟು. ಹುಡುಗ ಅದನ್ನು ನೋಡುವುದೇ ಇಲ್ಲ. ಎರಡನೆಯ ಸಲ ನೋಡುವವರಿಗೆ ಇಡೀ ಆ ಮನೆಯ ದೃಶ್ಯ ಬೇರೆಯೇ ಆಗುತ್ತದೆ. ಗೋಡೆಯ ಆಚೆ ಏನಿದೆಯೆಂದು ಗೊತ್ತಿದ್ದು, ಅವನು ಸಾರು ಕುಡಿಯುವುದನ್ನು ನೋಡುತ್ತ ಕೂರಬೇಕು. ಅದಕ್ಕೂ ಮುಂಚೆ ಕಾಡಿನಲ್ಲಿ ಮಳೆ ಬರುತ್ತಿರುವಾಗ ಗ್ಲಾಶಾ ಕುಣಿದದ್ದು ನೆನಪಾಗುತ್ತದೆ.

ಕನ್ನಡದ್ದೊಂದು ಹೇಳಲೇಬೇಕು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’, 1977. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರರ ಕಪ್ಪು ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಅಗ್ರಹಾರದ ಪಾಠಶಾಲೆಗೆ ಬಂದ ಪುಟ್ಟ ನಾಣಿಗೆ ಉಡುಪರ ವಿಧವೆ ಮಗಳು ಯಮುನಕ್ಕನೇ ಆಸರೆ. ಅವಳು ಬಸುರಾಗಿದ್ದಾಳೆ. ಅದರ ಅರ್ಥ ಹುಡುಗನಿಗೆ ಪೂರ್ತಿ ಗೊತ್ತಾಗುವುದಿಲ್ಲ. ಅವಳು ಹುತ್ತದೊಳಗೆ ಕೈ ಹಾಕಿ ಕೂತಾಗ ಅವನಿಗೆ ಗೊತ್ತಾಗುವುದು ಭಯ ಒಂದೇ. ಇಡೀ ಚಿತ್ರ ಅವನ ಎತ್ತರದಿಂದ ನೋಡಿದ್ದು, ಹಾಗಾಗಿ ಮೊದಲ ಸಲ ನಾವೂ ಅರ್ಧ ತಿಳಿದವರಂತೆ ನೋಡುತ್ತೇವೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿದ ಮೇಲೆ, ತಲೆ ಬೋಳಿಸಿಕೊಂಡು ಮರದಡಿ ಒಬ್ಬಳೇ ಕೂತ ಅವಳನ್ನು ನಾಣಿ ನೋಡುತ್ತಾನೆ. ಅವನನ್ನು ಅವನ ಅಪ್ಪ ಕರೆದುಕೊಂಡು ಹೋಗುತ್ತಿದ್ದಾರೆ. ಮತ್ತೆ ನೋಡುವಾಗ ನಾವು ನಾಣಿಯಾಗಿ ಉಳಿದಿರುವುದಿಲ್ಲ. ಅಗ್ರಹಾರದ ದೊಡ್ಡವರಿಗೆ ಗೊತ್ತಿದ್ದಷ್ಟೂ ನಮಗೆ ಗೊತ್ತು, ಅವರ ಸಾಲಿನಲ್ಲೇ ನಿಂತು ನೋಡುತ್ತಿದ್ದೇವೆ. ಕನ್ನಡಿಗರಾಗಿ ಅಲ್ಲಿ ನಿಲ್ಲುವುದು ಸುಲಭವಲ್ಲ. ಈ ಚಿತ್ರದ ಪ್ರತಿಯನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಳೆಯ ಮಸುಕು ಪ್ರತಿಯನ್ನಷ್ಟೇ ನೋಡಿದವರು ಅವಕಾಶ ಸಿಕ್ಕರೆ ಇದನ್ನು ದೊಡ್ಡ ಪರದೆಯ ಮೇಲೆ ನೋಡಿ.

ಇಂಥದ್ದನ್ನು ಮಾಡಲು ಹೋಗಿ ಸೋಲುವ ಸಿನಿಮಾಗಳೂ ಬೇಕಾದಷ್ಟಿವೆ. ಅವು ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ಪಿಟೀಲು ಬೇಗ ಬಂದುಬಿಡುತ್ತದೆ. ನಾವು ಅಳುವ ಮುಂಚೆ ಸಂಗೀತ ಅತ್ತರೆ ನಮಗೆ ಕೆಲಸ ಉಳಿಯುವುದಿಲ್ಲ. ಅಳುವ ಮುಖವನ್ನು ಹತ್ತಿರದಿಂದ ಅರ್ಧ ನಿಮಿಷ ತೋರಿಸಿದರೆ ನೋಡುವವರು ಆ ನಟಿ ಎಷ್ಟು ಚೆನ್ನಾಗಿ ಅಳುತ್ತಾಳೆಂದು ಯೋಚಿಸತೊಡಗುತ್ತಾರೆ. ಒಂದು ಸಾವು ಸಾಲದೆಂದು ಇನ್ನೊಂದು, ಅದರ ಮೇಲೆ ಅಪಘಾತ, ಹೀಗೆ ಪೇರಿಸಿದರೆ ಮೂರನೆಯದಕ್ಕೆ ಮನಸ್ಸು ಕಲ್ಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸತ್ತ ಪಾತ್ರ ಬದುಕಿದ್ದಾಗ ಏನನ್ನು ಇಷ್ಟಪಟ್ಟು ತಿನ್ನುತ್ತಿತ್ತು, ಯಾವ ಆಟ ಆಡುತ್ತಿತ್ತು ಎನ್ನುವುದು ನಮಗೆ ಗೊತ್ತೇ ಇರುವುದಿಲ್ಲ.

ಕೊನೆಯದಾಗಿ, ಇವನ್ನು ತೋರಿಸುವವರಿಗೆ ಮತ್ತು ಮತ್ತೆ ನೋಡಬೇಕೆನ್ನುವವರಿಗೆ ಕೆಲವು ಮಾತು. ಚಿತ್ರಸಮಾಜದಲ್ಲಿ ಹಾಕುವುದಾದರೆ ಅದೇ ದಿನ ಬೇರೆ ಸಿನಿಮಾ ಇಡಬೇಡಿ. ಕೊನೆಯ ಹೆಸರುಗಳು ಮುಗಿಯುವವರೆಗೆ ದೀಪ ಹಾಕಬೇಡಿ. ಹಾಕಿದ ತಕ್ಷಣ ಜನ ಮುಖ ಒರೆಸಿಕೊಂಡು ಸಹಜವಾಗಿರಲು ಒದ್ದಾಡುತ್ತಾರೆ, ಆಮೇಲೆ ಆಡುವ ಮಾತೆಲ್ಲ ಆ ಒದ್ದಾಟದಿಂದಲೇ ಬರುತ್ತದೆ. ಕಾಫಿಗೆ ಹದಿನೈದು ನಿಮಿಷ ಬಿಟ್ಟು ಚರ್ಚೆ ಶುರು ಮಾಡಿ. ಕ್ಲಿಮೋವ್ ಚಿತ್ರದಲ್ಲಿ ಬಾಂಬು ಬಿದ್ದ ಮೇಲೆ ಹುಡುಗನ ಕಿವಿ ಮಂದವಾಗುತ್ತದೆ, ಮಾತು ಮಸುಕಾಗಿ ಒಂದು ಶಿಳ್ಳೆಯಂಥ ಸದ್ದು ಬಹಳ ಹೊತ್ತು ಇರುತ್ತದೆ. ಪ್ರೊಜೆಕ್ಟರ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಸ್ಪೀಕರ್ ಕೆಟ್ಟಿದೆಯೆಂದು ಸದ್ದು ಇಳಿಸಿಬಿಡುತ್ತಾರೆ. ತಕಹಾತಾ ಚಿತ್ರವನ್ನು ಜಪಾನಿ ಮಾತಿನಲ್ಲೇ ನೋಡಿ, ಕಾರಣ ಆಗಲೇ ಹೇಳಿದೆ. ಟಿವಿಯಲ್ಲಿ ಚಲನೆಯನ್ನು ನಯ ಮಾಡುವ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ. ಅದು ಎರಡು ಚಿತ್ರಗಳ ನಡುವೆ ತಾನೇ ಒಂದು ಚಿತ್ರ ತುಂಬುತ್ತದೆ, ಕೈಯಿಂದ ಬರೆದ ಚಲನೆ ಎಣ್ಣೆ ಸವರಿದಂತೆ ಜಾರುತ್ತದೆ. ಅನಿಮೇಷನ್ ಎಂದು ಪುಟ್ಟ ಮಕ್ಕಳ ಮುಂದೆ ಹಾಕಿ ಎದ್ದು ಹೋಗಬೇಡಿ. ನನ್ನ ಅಂದಾಜಿಗೆ ಹನ್ನೆರಡು ವರ್ಷ ದಾಟಿರಬೇಕು, ಪಕ್ಕದಲ್ಲಿ ದೊಡ್ಡವರು ಕೂತಿರಬೇಕು.

ಮತ್ತೆ ನೋಡಬೇಕು, ಆದರೆ ಆಗುತ್ತಿಲ್ಲ ಎನ್ನುವವರು ಇಡೀ ಸಿನಿಮಾಕ್ಕೆ ಕೂರಬೇಡಿ. ಒಂದು ವಸ್ತುವನ್ನು ಆರಿಸಿಕೊಂಡು ಅದರ ಹಿಂದೆ ಹೋಗಿ. ಡಬ್ಬಿ ಎಲ್ಲೆಲ್ಲಿ ಬರುತ್ತದೆ, ಪ್ರತಿ ಸಲ ಒಳಗೇನಿದೆ ಎಂದು ಬರೆದಿಟ್ಟುಕೊಳ್ಳಿ. ಇಲ್ಲವೇ ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಸದ್ದು ಮಾತ್ರ ಕೇಳಿ, ಘಟಕರಿಗೆ ಇದು ಬಹಳ ಒಪ್ಪುತ್ತದೆ. ಕೈಗೆ ಒಂದು ಕೆಲಸವಿದ್ದರೆ ಮನಸ್ಸು ಸ್ವಲ್ಪ ದೂರ ನಿಲ್ಲುತ್ತದೆ, ಹಾಗೆ ನಿಂತಾಗ ಅವರು ಏನು ಮಾಡಿದ್ದಾರೆಂಬುದು ಕಾಣುತ್ತದೆ.

ಘಟಕರ ಚಿತ್ರದಲ್ಲಿ ಹಿಂಬಾಲಿಸಬೇಕಾದದ್ದು ಚಪ್ಪಲಿ. ಶುರುವಿನಲ್ಲಿ ನೀತಾಳದ್ದು ಕಿತ್ತುಹೋಗುವ ಕಡೆಯಿಂದ ಹೊರಡಿ, ನಡುವೆ ಏನನ್ನು ಬಿಟ್ಟರೂ ಪರವಾಗಿಲ್ಲ, ಕೊನೆಯ ದೃಶ್ಯ ಮಾತ್ರ ನೋಡಿ. ಶಂಕರ ಆಸ್ಪತ್ರೆಯಿಂದ ಊರಿಗೆ ಬಂದಿದ್ದಾನೆ. ಅಂಗಡಿಯವನು ನೀತಾಳನ್ನು ವಿಚಾರಿಸುತ್ತಾನೆ. ಅಷ್ಟರಲ್ಲಿ ಬೇರೆ ಯಾರೋ ಹುಡುಗಿ, ಕೆಲಸಕ್ಕೆ ಹೊರಟವಳು, ಅದೇ ದಾರಿಯಲ್ಲಿ ಬರುತ್ತಾಳೆ. ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಬರುತ್ತದೆ. ನಿಂತು ಬಗ್ಗಿ ನೋಡುತ್ತಾಳೆ, ಶಂಕರನ ಕಡೆ ನೋಡಿ ಸಣ್ಣಗೆ ನಗುತ್ತಾಳೆ, ಕಾಲೆಳೆದುಕೊಂಡು ಮುಂದೆ ಹೋಗುತ್ತಾಳೆ.